‘ದೇವ್ರು ಸುಳ್ಳ ಹೇಳ್ಯಾನ’ ಅನ್ನುವವರಿಗೆ ಯಾವ ವಚನ ಓದಿ ಹೇಳಬೇಕು?

ಪ್ರಶ್ನೆ: ಅಯ್ಯನವರಿಗೆ ವಂದನೆ. ನಾವು ಭಾಲ್ಕಿ ತಾಲ್ಲೂಕಿನವರು. ಹೋದ ಬ್ಯಾಸಗ್ಯಾಗ ನಮ್ಮ ದೊಡ್ಡ ಮಗ ಬೈಕ್ ಮ್ಯಾಲಿಂದ ಬಿದ್ದು ತೀರಿಕೊಂಡ, ಹತ್ತೊಂಬತ್ತು ವರ್ಷದವ. ಆಮ್ಯಾಗ ಸೋಯಾ ಕೊಯ್ಯೋ ಹೊತ್ತಿಗೆ ಮಳಿ ಹಿಡಿದು ಎಲ್ಲಾ ಹೊಲದಾಗೇ ಕೊಳೀತು. ನಮ್ಮ ಮನಿಯವರು ಚರ್ಚಿನಾಗ ಢೋಲಕ್ ಬಾರಿಸೋರು. ಈಗ ಐತವಾರ ಆರಾಧನಿಗೆ ಬರಾದೇ ಬಿಟ್ಟಾರ. ಗ್ವಾಡಿ ಕಡಿ ಮಾರಿ ಮಾಡಿ ಮಲ್ಕೊಂಡಿರ್ತಾರ, ಉಂಡ್ರ ಅರ್ಧ ರೊಟ್ಟಿ. ಹೊಸ ವರ್ಷದ ರಾತ್ರಿ ಆರಾಧನ್ಯಾಗ ಅವರಿಗೆ ಬಂದಿದ್ದ ವಾಗ್ದಾನದ ಚೀಟಿ, ಯೆರೆಮೀಯ 29:11, ಅಲಮಾರಿಗೆ ಅಂಟಿಸಿದ್ರು. ಅದನ್ನ ಹರಿದು ಒಲಿಗೆ ಹಾಕಿ ‘ದೇವ್ರು ಸುಳ್ಳ ಹೇಳ್ಯಾನ’ ಅಂದ್ರು. ಮೊನ್ನಿ ರಾತ್ರಿ ‘ಅವ ನನ್ನ ಹತ್ರ ಬರಾಂಗಿಲ್ಲ, ನಾನೇ ಅವನ ಹತ್ರ ಹೋಗ್ತೀನಿ’ ಅಂದ್ರು. ಸಂಘದ ಹಿರಿಯರು ಬಂದು ‘ವಿಶ್ವಾಸ ಕಮ್ಮಿ ಆಗ್ಯದ, ಮನ್ಯಾಗ ಏನೋ ಮುಚ್ಚಿಟ್ಟ ಪಾಪ ಅದ, ಮೂರು ದಿನ ಉಪವಾಸ ಮಾಡ್ರಿ’ ಅಂತ ಹೇಳಿ ಹೋದ್ರು. ನನ್ನ ತಮ್ಮ ಡಾಕ್ಟರಿಗೆ ತೋರಸಮು ಅಂತಾನ. ಗುಳಿಗಿ ತಗೊಂಡ್ರ ಅವಿಶ್ವಾಸ ಆಗ್ತದ ಅಂತ ಕೆಲವರು ಅಂತಾರ. ದೇವರ ಮ್ಯಾಲ ಹಿಂಗ ಸಿಟ್ಟಿಗಿ ಬಂದ್ರ ಪಾಪ ಏನ್ರಿ? ಅವರಿಗೆ ಯಾವ ವಚನ ಓದಿ ಹೇಳ್ಲಿ?

ಉತ್ತರ: ತಂಗಿ, ನಿಮ್ಮ ಪ್ರಶ್ನೆಗಳಿಗೆ ಆಮೇಲೆ ಬರುತ್ತೇನೆ. ಮೊದಲು ಇವತ್ತೇ ಆಗಬೇಕಾದ ಕೆಲಸ.

‘ನಾನೇ ಅವನ ಹತ್ರ ಹೋಗ್ತೀನಿ’ ಅನ್ನುವುದು ಮಗುವನ್ನು ಕಳಕೊಂಡ ದಾವೀದ ಆಡಿದ ಮಾತು, ಎರಡನೆಯ ಸಮುವೇಲ 12ರಲ್ಲಿದೆ. ನಿಮ್ಮ ಮನೆಯವರು ಅದನ್ನು ಎಷ್ಟೋ ಸಲ ಚರ್ಚಿನಲ್ಲಿ ಕೇಳಿರಬೇಕು. ಆದರೆ ದಾವೀದ ಅದನ್ನು ಆಡಿದ್ದು ನೆಲದಿಂದ ಎದ್ದು, ಸ್ನಾನ ಮಾಡಿ, ಬಟ್ಟೆ ಬದಲಿಸಿ, ಆರಾಧನೆ ಮುಗಿಸಿ, ಊಟಕ್ಕೆ ಕೂತ ಮೇಲೆ. ಅರ್ಧ ರೊಟ್ಟಿ ತಿಂದು ಗೋಡೆ ನೋಡುತ್ತ ಮಲಗಿದವರ ಬಾಯಲ್ಲಿ ಅದೇ ಮಾತು ಬಂದರೆ ನಾನು ಹೆದರುತ್ತೇನೆ. ನೀವೂ ಹೆದರಿದ್ದೀರಿ, ಅದಕ್ಕೇ ಬರೆದಿದ್ದೀರಿ. ಇವತ್ತು ರಾತ್ರಿ ಹತ್ತಿರ ಕೂತು ನೇರವಾಗಿ ಕೇಳಿ: ‘ಸಾಯಬೇಕು ಅನ್ನಿಸ್ತದೇನ್ರಿ?’ ಹಾಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ತುಂಬಿದಂತಾಗುತ್ತದೆ ಅಂತ ಬಹಳ ಜನ ಬಾಯಿ ಮುಚ್ಚಿಕೊಂಡಿರುತ್ತಾರೆ. ಹಾಗಾಗುವುದಿಲ್ಲ. ಒಳಗೇ ಇಟ್ಟುಕೊಂಡವರಿಗೆ ಯಾರಾದರೂ ಕೇಳಿದರಲ್ಲ ಅಂತ ಎದೆ ಸ್ವಲ್ಪ ಹಗುರಾಗುತ್ತದೆ. ಹೌದು ಅಂದರೆ ಅವರನ್ನು ಒಬ್ಬರನ್ನೇ ಬಿಡಬೇಡಿ. ಹೌದು ಅನ್ನಲಿ, ಇಲ್ಲ ಅನ್ನಲಿ, ಹೊಲಕ್ಕೆ ಹೊಡೆಯುವ ಎಣ್ಣಿ (ಕೀಟನಾಶಕ) ಮನೆಯಲ್ಲೋ ಕೊಟ್ಟಿಗೆಯಲ್ಲೋ ಇದ್ದರೆ ಇವತ್ತೇ ತಮ್ಮನ ಕೈಲಿ ಅವನ ಮನೆಗೆ ಸಾಗಿಸಿ. ಬಚ್ಚಿಟ್ಟರೆ ಸಾಲದು, ಮನೆಯಲ್ಲಿ ಇರಲೇಬಾರದು.

14416 ಅಂತ ಒಂದು ನಂಬರ್ ಇದೆ, ಟೆಲಿ ಮಾನಸ್. ಸರ್ಕಾರದ್ದು, 2022ರ ಅಕ್ಟೋಬರ್‌ನಲ್ಲಿ ಶುರುವಾದದ್ದು. ಹಗಲೂ ರಾತ್ರಿ ಕನ್ನಡದಲ್ಲಿ ಮಾತಾಡಬಹುದು, ದುಡ್ಡಿಲ್ಲ. ನಿಮ್ಮ ಮನೆಯವರು ಫೋನ್ ಹಿಡಿಯಲು ಒಪ್ಪಲಿಲ್ಲ ಅಂದರೆ ನೀವೇ ಮಾಡಿ ‘ನಮ್ಮ ಮನಿಯವರು ಹಿಂಗಿದ್ದಾರ, ಏನ್ ಮಾಡ್ಲಿ’ ಅಂತ ಕೇಳಿ. ಪೊಲೀಸ್ ಕೇಸ್ ಆಗುತ್ತದೆಂಬ ಹೆದರಿಕೆ ನಮ್ಮ ಹಳ್ಳಿಗಳಲ್ಲಿ ಇನ್ನೂ ಇದೆ. ಮನಸ್ಸಿನಲ್ಲಿ ಇಂಥ ಯೋಚನೆ ಬಂದದ್ದಕ್ಕೆ ಕೇಸ್ ಅನ್ನುವುದು ಯಾವತ್ತೂ ಇರಲಿಲ್ಲ. ಪ್ರಯತ್ನಿಸಿ ಬದುಕುಳಿದವರನ್ನು ಕೂಡ ತೀವ್ರ ಮಾನಸಿಕ ಒತ್ತಡದಲ್ಲಿದ್ದವರೆಂದೇ ನೋಡಬೇಕು, ಆರೈಕೆ ಕೊಡಬೇಕು ಎನ್ನುತ್ತದೆ 2017ರ ಮಾನಸಿಕ ಆರೋಗ್ಯ ಕಾಯ್ದೆ.

ಇನ್ನು ಸಿಟ್ಟಿನ ಮಾತು. ದೇವರ ಮೇಲೆ ಸಿಟ್ಟಿಗೆ ಬಂದರೆ ಪಾಪವೇ? ಪಾಪವಾಗಿದ್ದರೆ ನಮ್ಮ ಬೈಬಲಿನ ಅರ್ಧದಷ್ಟು ಭಕ್ತರನ್ನು ಹೊರಗೆ ಹಾಕಬೇಕಾಗುತ್ತದೆ. ಯೋಬ ತಾನು ಹುಟ್ಟಿದ ದಿನವನ್ನೇ ಶಪಿಸಿದ. ಯೆರೆಮೀಯನೂ 20ನೇ ಅಧ್ಯಾಯದಲ್ಲಿ ಅದನ್ನೇ ಮಾಡಿದ, ‘ನೀನು ನನ್ನನ್ನು ಮರುಳುಗೊಳಿಸಿದೆ’ ಅಂತ ದೇವರ ಮುಖಕ್ಕೇ ಹೇಳಿದ. ನಿಮ್ಮ ಮನೆಯವರು ಒಲೆಯ ಮುಂದೆ ಹೇಳಿದ್ದಕ್ಕೂ ಇದಕ್ಕೂ ಬಹಳ ಅಂತರವಿಲ್ಲ. ನೂರೈವತ್ತು ಕೀರ್ತನೆಗಳಲ್ಲಿ ಮೂರನೇ ಒಂದು ಭಾಗಕ್ಕೂ ಹೆಚ್ಚು ಗೋಳಾಟದವೇ, ‘ಎಲ್ಲಿಯವರೆಗೆ ನನ್ನನ್ನು ಮರೆತಿರುವೆ’ ಅನ್ನುವ ಜಾತಿಯವು. ಸಾಮಾನ್ಯವಾಗಿ ಅವು ಅಳುತ್ತ ಶುರುವಾಗಿ ಕೊನೆಗೆ ಸ್ತೋತ್ರಕ್ಕೆ ತಿರುಗುತ್ತವೆ. 88ನೆಯದು ತಿರುಗುವುದೇ ಇಲ್ಲ. ಕತ್ತಲೆಯಲ್ಲೇ ಮುಗಿಯುತ್ತದೆ, ಒಂದು ಹಲ್ಲೆಲೂಯ ಕೂಡ ಇಲ್ಲ. ಅದನ್ನು ಯಾರೂ ಕಿತ್ತು ಹಾಕಲಿಲ್ಲ. ದೇವಾಲಯದಲ್ಲಿ ಹಾಡುವ ಪುಸ್ತಕದೊಳಗೇ ಇಟ್ಟರು. ಶಿಲುಬೆಯ ಮೇಲೆ ಯೇಸುಸ್ವಾಮಿಯ ಬಾಯಲ್ಲಿ ಬಂದದ್ದೂ 22ನೇ ಕೀರ್ತನೆಯ ಮೊದಲ ಸಾಲು: ‘ನನ್ನ ದೇವರೇ, ನನ್ನ ದೇವರೇ, ಯಾಕೆ ನನ್ನನ್ನು ಕೈಬಿಟ್ಟೆ?’ ಶುಭ ಶುಕ್ರವಾರದ ಮೂರು ತಾಸಿನ ಆರಾಧನೆಯಲ್ಲಿ ಈ ಮಾತಿನ ಮೇಲೆ ನಾವು ವರ್ಷವರ್ಷ ಪ್ರಸಂಗ ಮಾಡುತ್ತೇವೆ. ಅದೇ ಮಾತನ್ನು ಪಕ್ಕದ ಮನೆಯವನು ಅಂದರೆ ವಿಶ್ವಾಸ ಕಮ್ಮಿ ಆಯ್ತು ಅನ್ನುತ್ತೇವೆ!

ಒಂದು ಸಂಗತಿ ಗಮನಿಸಿ. ನಿಮ್ಮ ಮನೆಯವರು ‘ದೇವರೇ ಇಲ್ಲ’ ಅನ್ನಲಿಲ್ಲ. ‘ಸುಳ್ಳ ಹೇಳ್ಯಾನ’ ಅಂದರು. ಅದು ಜಗಳ. ಜಗಳ ಆಡಲು ಎದುರಿಗೆ ಒಬ್ಬರು ಇದ್ದಾರೆ ಅನ್ನುವ ನಂಬಿಕೆ ಬೇಕು. ಮದರ್ ತೆರೇಸಾ ತಮ್ಮ ಆತ್ಮಿಕ ಹಿರಿಯರಿಗೆ ಬರೆದಿದ್ದ ಪತ್ರಗಳು 2007ರಲ್ಲಿ ಪುಸ್ತಕವಾಗಿ ಬಂದಾಗ ಜನ ಬೆಚ್ಚಿಬಿದ್ದರು. ದಶಕಗಳ ಕಾಲ ಒಳಗೆ ಬರೀ ಕತ್ತಲು, ಪ್ರಾರ್ಥಿಸಿದರೆ ಉತ್ತರವಿಲ್ಲ ಅಂತ ಬರೆದುಕೊಂಡಿದ್ದರು. ಅದೆಲ್ಲ ಗೊತ್ತಿದ್ದೂ 2016ರಲ್ಲಿ ಕಥೋಲಿಕ ಸಭೆ ಅವರನ್ನು ಸಂತರ ಸಾಲಿಗೆ ಸೇರಿಸಿತು.

ಆ ಚೀಟಿಯ ವಿಷಯಕ್ಕೆ ಬರೋಣ. ನನಗೆ ನಿಮ್ಮ ಪತ್ರದಲ್ಲಿ ಎಲ್ಲಕ್ಕಿಂತ ಹೆಚ್ಚು ಚುಚ್ಚಿದ್ದು ಅದು. ಡಿಸೆಂಬರ್ 31ರ ರಾತ್ರಿ ತಟ್ಟೆಯಲ್ಲಿ ಚೀಟಿ ಇಟ್ಟು ಒಬ್ಬೊಬ್ಬರು ಒಂದೊಂದು ಎತ್ತುವ ಪದ್ಧತಿಗೆ ನನ್ನ ವಿರೋಧವೇನಿಲ್ಲ, ಮಕ್ಕಳಿಗಂತೂ ಖುಷಿ. ಆದರೆ ಆ ಚೀಟಿಗಳನ್ನು ಅಚ್ಚು ಹಾಕಿಸುವವರು ಸಿಹಿ ವಚನಗಳನ್ನಷ್ಟೇ ಆರಿಸುತ್ತಾರೆ, ಅದನ್ನೂ ಅರ್ಧಕ್ಕೆ ಕತ್ತರಿಸಿ. ‘ನಿಮ್ಮ ವಿಷಯವಾಗಿ ನನಗಿರುವ ಆಲೋಚನೆಗಳು ಹಿತದವು, ಅಹಿತದವಲ್ಲ, ನಿಮಗೆ ನಿರೀಕ್ಷೆಯ ಮುಂದಿನ ದಿನಗಳನ್ನು ಕೊಡುವವು’ ಅನ್ನುವ ಭಾವದ ಆ 11ನೇ ವಚನ ಓದಿದವರು 10ನೆಯದನ್ನು ಓದಿರುವುದಿಲ್ಲ. ಅಲ್ಲಿ ಎಪ್ಪತ್ತು ವರ್ಷ ಅಂತಿದೆ.

ಅದು ಕಾಗದ, ನೋಡಿ. ಯೆರೂಸಲೇಮಿನಿಂದ ಹಿಡಿದೊಯ್ದು ಬಾಬೆಲಿನಲ್ಲಿ ಇಟ್ಟ ಜನಕ್ಕೆ ಯೆರೆಮೀಯ ಬರೆದು ಕಳಿಸಿದ ಕಾಗದ. ಮನೆ ಹೋಗಿದೆ, ಹೊಲ ಹೋಗಿದೆ, ಎಷ್ಟೋ ಜನ ಮಕ್ಕಳನ್ನು ಕಳಕೊಂಡಿದ್ದಾರೆ. ಅದರ ಹಿಂದಿನ ಅಧ್ಯಾಯದಲ್ಲಿ ಹನನ್ಯ ಅನ್ನುವ ಪ್ರವಾದಿ ಬಂದು ಜನರ ಎದುರಿಗೇ ಯೆರೆಮೀಯನ ಕೊರಳಲ್ಲಿದ್ದ ಮರದ ನೊಗ ಕಿತ್ತು ಮುರಿದು, ಎರಡೇ ವರ್ಷ, ಎಲ್ಲ ಸರಿಹೋಗುತ್ತದೆ, ಹೋದವರೆಲ್ಲ ತಿರುಗಿ ಬರುತ್ತಾರೆ ಅಂತ ಸಾರಿದ. ಜನರಿಗೆ ಬೇಕಾದದ್ದೂ ಅದೇ. ‘ಆಮೆನ್, ಹಾಗೇ ಆಗಲಿ’ ಅಂದ ಯೆರೆಮೀಯ, ಆದರೆ ಅದು ದೇವರ ಮಾತಲ್ಲ ಅಂತಲೂ ಹೇಳಿದ. ಆಮೇಲೆ ಈ ಕಾಗದ ಹೋಯಿತು: ಮನೆ ಕಟ್ಟಿರಿ, ತೋಟ ಹಾಕಿ ಅದರ ಹಣ್ಣು ತಿನ್ನಿರಿ, ಮಕ್ಕಳ ಮದುವೆ ಮಾಡಿರಿ, ಎಪ್ಪತ್ತು ವರ್ಷ ತುಂಬಿದ ಮೇಲೆ ನಿಮ್ಮನ್ನು ಕರತರುತ್ತೇನೆ. ಆ ಕಾಗದವನ್ನು ಮೊದಲು ಕೇಳಿಸಿಕೊಂಡ ಹಿರಿಯರಲ್ಲಿ ಹೆಚ್ಚಿನವರು ಊರಿನ ಮುಖ ನೋಡದೆ ಅಲ್ಲೇ ಮಣ್ಣಾದರು.

ಹಾಗಾಗಿ ನಿಮ್ಮ ಅಲಮಾರಿಯ ಮೇಲಿದ್ದದ್ದು ಚೀಟಿಯಲ್ಲಿ ಯೆರೆಮೀಯನ ಮಾತಾಗಿದ್ದರೂ ಅದನ್ನು ಓದಿಸಿದ್ದು ಹನನ್ಯನ ಹಾಗೆ, ಈ ವರ್ಷ ನಿಮಗೆ ಕೆಟ್ಟದ್ದೇನೂ ಆಗುವುದಿಲ್ಲ ಅಂತ. ಅಂಥ ವಾಗ್ದಾನ ದೇವರು ಯಾರಿಗೂ ಕೊಟ್ಟಿಲ್ಲ. ನಿಮ್ಮ ಮನೆಯವರು ಒಲೆಗೆ ಹಾಕಿದ್ದು ಹನನ್ಯನ ಮಾತನ್ನ. ಇದನ್ನು ಅವರಿಗೆ ಈಗಲೇ ವಿವರಿಸಲು ಹೋಗಬೇಡಿ. ನಿಮ್ಮ ಮನಸ್ಸಿಗೆ ಗೊತ್ತಿರಲಿ ಅಂತ ಇಷ್ಟು ಬರೆದೆ.

ಹಾಗಾದರೆ ಯಾವ ವಚನ ಓದಿ ಹೇಳಬೇಕು? ಸದ್ಯಕ್ಕೆ ಯಾವುದೂ ಬೇಡ. ರೊಟ್ಟಿ ಮಾಡಿ.

ತಮಾಷೆಗೆ ಹೇಳುತ್ತಿಲ್ಲ. ಮೊದಲನೆಯ ಅರಸುಗಳು 19 ತೆಗೆದು ನೋಡಿ. ಕರ್ಮೆಲ್ ಬೆಟ್ಟದ ಮೇಲೆ ಆಕಾಶದಿಂದ ಬೆಂಕಿ ಇಳಿಸಿದ ಎಲೀಯ, ಈಜೆಬೆಲಳ ಹೆದರಿಕೆಗೆ ಓಡಿ ಅಡವಿಯಲ್ಲಿ ಒಂದು ಗಿಡದ ಕೆಳಗೆ ಕೂತು ‘ಸಾಕು ದೇವರೇ, ನನ್ನ ಪ್ರಾಣ ತಗೋ’ ಅಂದ. ದೇವದೂತ ಬಂದ. ಪ್ರಸಂಗ ಮಾಡಲಿಲ್ಲ. ನಿನ್ನೆ ಅಷ್ಟು ದೊಡ್ಡ ಅದ್ಭುತ ನೋಡಿದವನಿಗೆ ಇವತ್ತು ವಿಶ್ವಾಸ ಎಲ್ಲಿ ಹೋಯ್ತು ಅಂತ ಕೇಳಲಿಲ್ಲ. ಮೈ ತಟ್ಟಿ ‘ಎದ್ದು ತಿನ್ನು’ ಅಂದ. ತಲೆದೆಸೆಯಲ್ಲಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ಒಂದು ತಂಬಿಗೆ ನೀರು. ಎಲೀಯ ತಿಂದು ಮತ್ತೆ ಮಲಗಿದ. ದೂತ ಬೈಯಲಿಲ್ಲ, ಮಲಗಲು ಬಿಟ್ಟ, ಎರಡನೇ ಸಲ ಎಬ್ಬಿಸಿ ಮತ್ತೆ ಉಣ್ಣಿಸಿದ. ‘ದಾರಿ ನಿನ್ನ ಶಕ್ತಿಗೆ ಮೀರಿದ್ದು’ ಅಂದ, ಅಷ್ಟೇ. ದೇವರ ಮೆಲ್ಲನೆಯ ಸ್ವರ, ಮುಂದಿನ ಕೆಲಸ, ನಿನ್ನ ಹಾಗೆ ಇನ್ನೂ ಏಳು ಸಾವಿರ ಜನ ಇದ್ದಾರೆ ಅನ್ನುವ ಸಮಾಧಾನ, ಎಲ್ಲ ಬಂದದ್ದು ನಲವತ್ತು ದಿನ ನಡೆದು ಹೋರೇಬ್ ಬೆಟ್ಟ ಮುಟ್ಟಿದ ಮೇಲೆ. ನಾವು ಈ ಕ್ರಮವನ್ನೇ ತಿರುಗಿಸಿಬಿಟ್ಟಿದ್ದೇವೆ. ಬೆಳಗಾದರೆ ಸೂರ್ಯೋದಯದ ಚಿತ್ರದ ಮೇಲೆ ವಚನ ಬರೆದು ವಾಟ್ಸಾಪಿನಲ್ಲಿ ಕಳಿಸುತ್ತೇವೆ. ಉಂಡನೋ ಇಲ್ಲವೋ ಕೇಳುವುದಿಲ್ಲ.

ಆದ್ದರಿಂದ ಉಪವಾಸ ಅವರಿಗೆ ಬೇಡವೇ ಬೇಡ. ಅರ್ಧ ರೊಟ್ಟಿ ಉಣ್ಣುವವರ ಕೈಯಿಂದ ಅದನ್ನೂ ಕಸಿಯುವುದು ಯಾವ ಆತ್ಮಿಕತೆ? ಹಿರಿಯರಿಗೆ ಉಪವಾಸ ಮಾಡಬೇಕು ಅನ್ನಿಸಿದರೆ ತಾವು ಮಾಡಲಿ.

ಮುಚ್ಚಿಟ್ಟ ಪಾಪ ಅಂದರಲ್ಲ, ಅದಕ್ಕೂ ಉತ್ತರ ಬೈಬಲಿನಲ್ಲೇ ಇದೆ. ಹುಟ್ಟುಕುರುಡನನ್ನು ತೋರಿಸಿ ಯಾರ ಪಾಪ ಅಂತ ಶಿಷ್ಯರು ಕೇಳಿದಾಗ ಯೇಸು ‘ಇವನದೂ ಅಲ್ಲ, ಇವನ ತಂದೆತಾಯಿಗಳದೂ ಅಲ್ಲ’ ಅಂದರು, ಯೋಹಾನ 9. ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದರು, ಅಷ್ಟೊತ್ತು ಸರಿಯಾಗಿಯೇ ಇದ್ದರು. ಬಾಯಿ ತೆಗೆದು ನಿನ್ನ ಪಾಪವೇ ಕಾರಣ ಅಂದದ್ದೇ ಕೆಟ್ಟಿತು. ಕೊನೆಗೆ ದೇವರು ಸಿಟ್ಟಾದದ್ದು ಕೂಗಾಡಿದ ಯೋಬನ ಮೇಲಲ್ಲ, ದೇವರ ಪರ ವಕಾಲತ್ತು ಮಾಡಿದ ಆ ಗೆಳೆಯರ ಮೇಲೆ. ನಿಮ್ಮ ಹಿರಿಯರು ಕೆಟ್ಟವರೆಂದು ನಾನು ಹೇಳುತ್ತಿಲ್ಲ. ಹತ್ತೊಂಬತ್ತು ವರ್ಷದ ಹುಡುಗ ಸತ್ತ ಮನೆಗೆ ಬಂದು ಏನೂ ಹೇಳಲು ತೋಚದಿದ್ದಾಗ ಜನ ಕಾರಣ ಹುಡುಕುತ್ತಾರೆ. ಕಾರಣ ಸಿಕ್ಕರೆ ತಮ್ಮ ಮನೆಗೆ ಇದು ಬರುವುದಿಲ್ಲ ಅನ್ನುವ ಧೈರ್ಯ ಅವರಿಗೆ.

ಅವರಿಗೆ ಕೊಡಬೇಕಾದ ಕೆಲಸ ಬೇರೆ ಇದೆ. ಮಾರ್ಕ 2ರಲ್ಲಿ ಪಾರ್ಶ್ವವಾಯು ಹೊಡೆದವನನ್ನು ನಾಲ್ಕು ಜನ ಹೊತ್ತು ತಂದು, ಬಾಗಿಲಲ್ಲಿ ಜಾಗವಿಲ್ಲದೆ ಮಾಳಿಗೆ ಹತ್ತಿ, ಮಣ್ಣು ಅಗೆದು, ಹಾಸಿಗೆ ಸಮೇತ ಇಳಿಸುತ್ತಾರೆ. ‘ಯೇಸು ಅವರ ನಂಬಿಕೆಯನ್ನು ನೋಡಿ’ ಅಂತ ಬರೆದಿದೆ. ಹೊತ್ತವರೂ ಸೇರಿ ‘ಅವರ’. ಮಲಗಿದವನು ಏನು ನಂಬಿದ್ದ, ಏನು ನಂಬಿರಲಿಲ್ಲ ಅಂತ ಮಾರ್ಕನು ಒಂದು ಮಾತೂ ಹೇಳುವುದಿಲ್ಲ. ನಿಮ್ಮ ಮನೆಯವರಿಗೆ ಈಗ ನಂಬಿಕೆ ಇರಲೇಬೇಕು, ನಿರೀಕ್ಷೆ ಇರಲೇಬೇಕು ಅಂತ ಯಾರೂ ಒತ್ತಾಯ ಮಾಡಬೇಡಿ. ಅವರ ಪಾಲಿನದನ್ನು ಸ್ವಲ್ಪ ಕಾಲ ಸಂಘ ಹೊರಬೇಕು. ಸಂಘ ಇರುವುದು ಇದಕ್ಕೇ ಅಂತ ನಾನು ತಿಳಿದಿದ್ದೇನೆ. ನಿಮ್ಮ ಸಭಾಪಾಲಕರ ಹತ್ತಿರ ಹೋಗಿ ನಾಲ್ಕು ಜನರನ್ನು ಕೇಳಿ. ಒಬ್ಬರು ರೈತ ಸಂಪರ್ಕ ಕೇಂದ್ರಕ್ಕೂ ತಲಾಟಿ ಹತ್ತಿರಕ್ಕೂ ಹೋಗಿ ಸೋಯಾ ಬೆಳೆಯ ಪರಿಹಾರ, ವಿಮೆ ಏನಾಗಿದೆ ನೋಡಿ ಬರಲಿ. ಇನ್ನೊಬ್ಬರು ಪಿಕೆಪಿಎಸ್ ಸಹಕಾರ ಸಂಘದಲ್ಲಿ ಸಾಲದ ಕಂತಿನ ವಿಷಯ ಮಾತಾಡಲಿ. ಪಾಸ್‌ಬುಕ್, ಪಹಣಿ ಹಿಡಿದು ಸಾಲಿನಲ್ಲಿ ನಿಲ್ಲುವ ಶಕ್ತಿ ಈಗ ನಿಮ್ಮ ಮನೆಯವರಿಗಿಲ್ಲ. ಮೂರನೆಯವರು ಆಸ್ಪತ್ರೆಗೆ ಗಾಡಿ ನೋಡಿಕೊಳ್ಳಲಿ. ನಾಲ್ಕನೆಯವರು ವಾರಕ್ಕೆರಡು ಸಂಜೆ ಬಂದು ಕಟ್ಟೆಯ ಮೇಲೆ ಸುಮ್ಮನೆ ಕೂರಲಿ. ಮಾತಾಡಿದರೆ ಮಾತು, ಇಲ್ಲದಿದ್ದರೆ ಚಹಾ. ಭಜನೆಯವರು ಯಾವಾಗಲಾದರೂ ಅಂಗಳದಲ್ಲಿ ಎರಡು ಪದ ಹಾಡಿ ಹೋದರೆ ಒಳ್ಳೆಯದು. ಆದರೆ ಬಾ, ಢೋಲಕ್ ಹಿಡಿ ಅಂತ ಕರೆಯಬೇಡಿ, ಸಾಕ್ಷಿ ಹೇಳು ಅಂತಲಂತೂ ಕೇಳಲೇಬೇಡಿ.

ಗುಳಿಗೆಯ ಮಾತು ಬೇಗ ಮುಗಿಸುತ್ತೇನೆ, ಯಾಕೆಂದರೆ ಇದರಲ್ಲಿ ಸಂದೇಹಕ್ಕೆ ಜಾಗವಿಲ್ಲ. ಹಿಜ್ಕೀಯ ಅರಸನೂ ರೋಗ ಬಂದಾಗ ಗೋಡೆ ಕಡೆ ಮುಖ ತಿರುಗಿಸಿ ಅತ್ತಿದ್ದ. ಆ ಪ್ರಾರ್ಥನೆ ಕೇಳಿದ್ದೇನೆ ಅಂತ ದೇವರ ಮಾತು ತಂದ ಯೆಶಾಯನೇ ಹುಣ್ಣಿಗೆ ಅಂಜೂರದ ಉಂಡೆ ಕಟ್ಟಿಸಿದ. ಪೌಲನ ಜೊತೆಗಾರ ಲೂಕ ವೈದ್ಯ. ನಮ್ಮ ಭಾಗದಲ್ಲಿ ಚರ್ಚು ಕಟ್ಟಿದ ಮೆಥಡಿಸ್ಟ್ ಮಿಷನ್ನಿನವರು ಆಸ್ಪತ್ರೆಯನ್ನೂ ಕಟ್ಟಿದರು, ಯಾದಗಿರಿಯ ಹೋಲ್ಸ್ಟನ್ ಆಸ್ಪತ್ರೆ ಎಲ್ಲರಿಗೂ ಗೊತ್ತು. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಆರಾಧನೆಗೆ ಬರುವ ಹಿರಿಯರು ಮನಸ್ಸಿನ ಗುಳಿಗೆಗೆ ಮಾತ್ರ ಅವಿಶ್ವಾಸ ಅಂದರೆ ಅದಕ್ಕೆ ಆಧಾರ ಯಾವ ಪುಸ್ತಕದಲ್ಲೂ ಇಲ್ಲ.

ಮಗ ಸತ್ತ ದುಃಖ ರೋಗವಲ್ಲ, ಅದಕ್ಕೆ ಗುಳಿಗೆ ಬೇಕಿಲ್ಲ. ಆದರೆ ತಿಂಗಳುಗಟ್ಟಲೆ ಊಟ ಸೇರದೆ, ಯಾವುದರಲ್ಲೂ ಮನಸ್ಸಿಲ್ಲದೆ, ಸಾವಿನ ಮಾತು ಬರಲು ಶುರುವಾದರೆ ದುಃಖದ ಜೊತೆ ಖಿನ್ನತೆ ಸೇರಿಕೊಂಡಿರಬಹುದು, ಅದನ್ನು ಡಾಕ್ಟರೇ ನೋಡಿ ಹೇಳಬೇಕು. ‘ಮನೋಚೈತನ್ಯ’ ಕಾರ್ಯಕ್ರಮದಲ್ಲಿ ಮಂಗಳವಾರಗಳಂದು ತಾಲ್ಲೂಕು ಆಸ್ಪತ್ರೆಯಲ್ಲಿ ಮನೋವೈದ್ಯರು ನೋಡುವ ವ್ಯವಸ್ಥೆ ಇದೆ. ಭಾಲ್ಕಿಯಲ್ಲಿ ಯಾವ ಮಂಗಳವಾರ ಅಂತ ಮೊದಲೇ ವಿಚಾರಿಸಿಕೊಳ್ಳಿ. ಅಲ್ಲಿವರೆಗೆ ಕಾಯುವ ಹಾಗಿಲ್ಲ ಅನ್ನಿಸಿದರೆ ನೇರ ಬೀದರಿನ ಬ್ರಿಮ್ಸ್ ಸರ್ಕಾರಿ ಆಸ್ಪತ್ರೆಗೆ ಕರಕೊಂಡು ಹೋಗಿ. ಗುಳಿಗೆ ಕೊಟ್ಟರೆ ಗುಣ ಕಾಣಲು ಎರಡರಿಂದ ನಾಲ್ಕು ವಾರ, ಕೆಲವೊಮ್ಮೆ ಇನ್ನೂ ಹೆಚ್ಚು ಹಿಡಿಯುತ್ತದೆ. ನಾಲ್ಕು ದಿನ ನುಂಗಿ ಏನೂ ಆಗಲಿಲ್ಲ ಅಂತ ಬಿಡಬಾರದು. ಹಗುರಾದ ಮೇಲೂ ಡಾಕ್ಟರನ್ನು ಕೇಳದೆ ನಿಲ್ಲಿಸಬಾರದು. ಗುಳಿಗೆಯ ಪಾಕೀಟು ನಿಮ್ಮ ಕೈಯಲ್ಲೇ ಇರಲಿ, ಹೊತ್ತೊತ್ತಿಗೆ ನೀವೇ ಕೊಡಿ.

ಹಾಗಾದರೆ ಕ್ರೈಸ್ತ ನಿರೀಕ್ಷೆ ಅಂದರೆ ಏನು ಉಳಿಯಿತು ಅಂತ ನೀವು ಕೇಳಬಹುದು. ಪುನರುತ್ಥಾನ ಉಳಿಯಿತು. ಅದರಲ್ಲಿ ನಾನು ಒಂದು ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ. ನಿಮ್ಮ ಮಗನನ್ನು ಮಣ್ಣಿಗೆ ಇಳಿಸುವಾಗ ಓದಿದ ಮಾತು ನಿಜವೆಂದೇ ನಂಬಿದ್ದೇನೆ. ಆದರೆ ಆ ಬೆಳಗಿನ ಕಥೆಯನ್ನು ಲೂಕ ಹೇಗೆ ಬರೆದಿದ್ದಾನೆ ನೋಡಿ. ಶುಕ್ರವಾರ ಸಂಜೆ ಹೆಂಗಸರು ಸಮಾಧಿ ನೋಡಿಕೊಂಡು ಹೋಗಿ ಸುಗಂಧದ್ರವ್ಯ ಅಣಿಮಾಡಿದರು. ಶನಿವಾರ ನೇಮದಂತೆ ಸುಮ್ಮನಿದ್ದರು. ಐತವಾರ ನಸುಕಿನಲ್ಲೇ ಎದ್ದು ಹೋದರು. ಎದ್ದು ಬಂದಿರುತ್ತಾನೆ ಅಂತ ಹೋದವರಲ್ಲ ಅವರು. ಹೆಣಕ್ಕೆ ಹಚ್ಚುವುದನ್ನು ಹಿಡಿದು ಹೋದವರು. ಅವರ ಹತ್ತಿರ ಆಗ ನಿರೀಕ್ಷೆ ಎಳ್ಳಷ್ಟೂ ಇರಲಿಲ್ಲ, ಮಾಡಬೇಕಾದ ಒಂದು ಕೆಲಸ ಇತ್ತು. ಆ ಕೆಲಸಕ್ಕೆ ಹೋದ ದಾರಿಯಲ್ಲೇ ಸುದ್ದಿ ಸಿಕ್ಕಿತು. ಸುದ್ದಿ ತಂದ ಆ ಹೆಂಗಸರ ಮಾತು ಅಪೊಸ್ತಲರಿಗೆ ಬರೀ ಹರಟೆ ಅನ್ನಿಸಿತು ಅಂತಲೂ ಲೂಕನೇ ಬರೆದಿದ್ದಾನೆ. ನಿಮ್ಮ ಮನೆಯವರು ಈಗ ಶನಿವಾರದಲ್ಲಿದ್ದಾರೆ. ಅಲ್ಲಿರುವವರನ್ನು ಕೈ ಹಿಡಿದು ಐತವಾರಕ್ಕೆ ಎಳೆಯಲು ಆಗುವುದಿಲ್ಲ. ಎದ್ದ ಕ್ರಿಸ್ತನ ಕೈಯಲ್ಲೂ ಮೊಳೆಯ ಗಾಯ ಹಾಗೇ ಇದ್ದವು, ತೋಮನು ಬೆರಳಿಟ್ಟು ನೋಡಲು ಕೇಳಿದ್ದು ಅದನ್ನೇ. ಅಂದ ಮೇಲೆ ನಿಮ್ಮ ಮನೆಯವರು ಒಂದು ದಿನ ಮತ್ತೆ ಆರಾಧನೆಗೆ ಬಂದರೂ ಮೊದಲಿನ ಹಾಗೇ ಬರುತ್ತಾರೆಂದು ಕಾಯಬೇಡಿ.

ಅವರಾಗಿ ಏನಾದರೂ ಓದು ಅಂದ ದಿನ 13ನೇ ಕೀರ್ತನೆ ಓದಿ, ಆರೇ ವಚನ. ಇನ್ನೊಂದು ಓದು ಅಂದರೆ 88 ಓದಿ. ಓದಿ ಸುಮ್ಮನಾಗಿ. ವಿವರಣೆ ಬೇಡ.

ಕೊನೆಗೆ ನೀವು ಕೇಳದ ಒಂದು ವಿಷಯ. ಇಷ್ಟುದ್ದ ಪತ್ರದಲ್ಲಿ ನಿಮ್ಮ ಬಗ್ಗೆ ಒಂದು ಸಾಲೂ ಇಲ್ಲ. ಸತ್ತವನು ನಿಮ್ಮ ಮಗನೂ ಹೌದು. ಅವರನ್ನು ಕಾಯುವ ಗಡಿಬಿಡಿಯಲ್ಲಿ ನೀವು ಅಳಲಿಕ್ಕೇ ಹೊತ್ತು ಮಾಡಿಕೊಂಡಿಲ್ಲ ಅಂತ ನನಗೆ ಅನುಮಾನ. ‘ನಿರೀಕ್ಷೆಯಿಲ್ಲದವರಂತೆ ದುಃಖಿಸಬೇಡಿ’ ಅಂತ ಥೆಸಲೋನಿಕದವರಿಗೆ ಬರೆದ ವಚನ ತೋರಿಸಿ ಯಾರಾದರೂ ನಿಮ್ಮ ಬಾಯಿ ಮುಚ್ಚಿಸಿದ್ದರೆ, ಪೌಲ ದುಃಖಿಸಬೇಡಿ ಅಂತ ಎಲ್ಲೂ ಬರೆದಿಲ್ಲ ಅಂತ ಅವರಿಗೆ ಹೇಳಿ. ಯೆರೆಮೀಯ 31ರಲ್ಲಿ ರಾಹೇಲಳು ಮಕ್ಕಳಿಗಾಗಿ ಅಳುತ್ತ ಸಮಾಧಾನವನ್ನೇ ಒಲ್ಲೆ ಅನ್ನುತ್ತಾಳೆ. ದೇವರು ಆ ಅಳುವನ್ನು ಕೇಳಿ ಉತ್ತರ ಕೊಡುತ್ತಾನೆ, ನೀನು ಹೀಗೆ ಅಳುವುದು ತಪ್ಪು ಅನ್ನುವುದಿಲ್ಲ. ಸಂಘದ ಹೆಂಗಸರಲ್ಲಿ ಮಗುವನ್ನು ಕಳಕೊಂಡ ಇನ್ನೊಬ್ಬರು ಇದ್ದೇ ಇರುತ್ತಾರೆ. ವಾರಕ್ಕೊಂದು ಮಧ್ಯಾಹ್ನ ಅವರ ಮನೆಗೆ ಹೋಗಿ ಬನ್ನಿ, ಆ ಹೊತ್ತು ತಮ್ಮ ನಿಮ್ಮ ಮನೆಯಲ್ಲಿ ಇರಲಿ. ಮಂಗಳವಾರ ಆಸ್ಪತ್ರೆಗೆ ಹೋದಾಗ ಡಾಕ್ಟರ ಹತ್ತಿರ ನಿಮ್ಮ ನಿದ್ದೆ, ಊಟದ ವಿಷಯವನ್ನೂ ಹೇಳಿ, ನಿಮ್ಮ ಹೆಸರಲ್ಲೂ ನೋಂದಣಿ ಮಾಡಿಸಿ.